ದವಡೆಯ ಮೇಲೆ ಎರಡು ಬೆರಳು

ನರ್ಸ್ ದವಡೆಗೆ ಎರಡು ಬೆರಳು ಒತ್ತಿದ್ದೇ ತಡ, ಐಸಿಯು ಮಂಚದ ಮೇಲಿದ್ದ ಮುದುಕ ಮುಖವನ್ನು ಎಡಕ್ಕೆ ತಿರುಗಿಸಿ ಗದ್ದ ಎತ್ತಿಕೊಟ್ಟ. "ನೆಟ್ಟಗೆ ಮಲಗಿ ಅಜ್ಜ, ಇದೇನು ಸೆಲೂನಾ?" ಎಂದು ಅವಳು ನಕ್ಕಳು.

ನಲವತ್ತು ವರ್ಷ ಕಂಡವರ ಗದ್ದ ತಿರುಗಿಸಿದ ಕ್ಷೌರಿಕ ಅವನು. ಹೆಂಡತಿ ಹೋದ ಮೇಲೆ ಅವನ ಮುಖ ಮುಟ್ಟಿದವರೇ ಇಲ್ಲ. ಆಪರೇಷನ್ ಮುಗಿದಾಗ ಹಲ್ಲು ಕಟಕಟ ಎನ್ನುವಷ್ಟು ನಡುಕ ಬಂದಿತ್ತು. ಬಿಸಿಗಾಳಿ ತುಂಬಿದ ಹೊದಿಕೆ ಹೊದಿಸಿ, ಅವಳು ಕಾಲು ಗಂಟೆಗೊಮ್ಮೆ ಬಂದು ನಡುಕ ಇಳಿಯಿತೇ ಎಂದು ದವಡೆಯನ್ನೂ ಎದೆಯನ್ನೂ ಮುಟ್ಟಿ ನೋಡುತ್ತಿದ್ದಳು.

"ನಡುಕ ಪೂರ್ತಿ ನಿಂತಿದೆ. ಇನ್ನು ಮುಟ್ಟಿ ನೋಡೋ ಕೆಲಸ ಇಲ್ಲ," ಎಂದು ಚಾರ್ಟಿನಲ್ಲಿ ನಡುಕದ ಮುಂದೆ ಸೊನ್ನೆ ಬರೆದು ಹೊರಟಳು. ಮುದುಕ ಬೇಕೆಂದೇ ಹಲ್ಲು ಕಟಕಟಿಸಿದ. ಅವಳು ಓಡಿಬಂದು ಒಂದು ಕೈಯನ್ನು ದವಡೆಯ ಮೇಲೂ ಇನ್ನೊಂದನ್ನು ಎದೆಯ ಮೇಲೂ ಇಟ್ಟಳು. ಅವನು ಕಣ್ಣು ಮುಚ್ಚಿದ. "ಎದೆ ಸುಮ್ನಿದೆಯಲ್ಲ ಅಜ್ಜ, ಹಲ್ಲು ಮಾತ್ರ ಕುಣೀತಿದೆ," ಎಂದವಳು ಮೆಲ್ಲಗೆ ಕೈ ತೆಗೆದಳು. "ಪಕ್ಕದವರಿಗೆ ನಿಜವಾಗ್ಲೂ ನಡುಕ. ನಾನು ಹೋಗ್ಬೇಕು."

ಅವಳು ಸರಿಸಿ ಹೋದ ಪರದೆ ಇನ್ನೂ ಅಲ್ಲಾಡುತ್ತಿತ್ತು. ದಿನ ಬಿಟ್ಟು ದಿನ ಅಂಗಡಿಗೆ ಬರುತ್ತಿದ್ದ ಒಂಟಿ ಮೇಷ್ಟ್ರು ಅವನಿಗೆ ನೆನಪಾದರು. ಕುರ್ಚಿಯಲ್ಲಿ ಕೂತವರೇ ಕಣ್ಣು ಮುಚ್ಚಿ ಗದ್ದ ಎತ್ತುತ್ತಿದ್ದರು. "ಗಡ್ಡವೇ ಬೆಳೆದಿಲ್ಲ, ಏನು ಕೆರೀಲಿ ಮೇಷ್ಟ್ರೇ? ಮುಂದಿನ ವಾರ ಬನ್ನಿ," ಎಂದು ಒಂದು ದಿನ ನಾಲ್ಕು ಜನರ ಮುಂದೆ ನಕ್ಕು ಅವರನ್ನು ಎಬ್ಬಿಸಿದ್ದ. ಮೇಷ್ಟ್ರು ತಮ್ಮ ನುಣ್ಣನೆಯ ಗದ್ದವನ್ನು ತಾವೇ ಸವರಿಕೊಳ್ಳುತ್ತಾ ಮೆಟ್ಟಿಲಿಳಿದಿದ್ದರು.