ಬೆಳ್ಳಿಯ ವಯಸ್ಸು

ನಮ್ಮ ನಾಯಿ ಬೆಳ್ಳಿಗೆ ಹತ್ತು ವರ್ಷ. ಟೀ ಅಂಗಡಿಯಲ್ಲಿ ಕೂತು ನಾನು ಊರಿಗೆಲ್ಲ ಹೇಳುತ್ತಿದ್ದದ್ದು ಹದಿನೆಂಟು. ಎಲ್ಲ ನನ್ನ ಕೈ ರಾಗಿಮುದ್ದೆಯ ಮಹಿಮೆ ಎನ್ನುತ್ತಿದ್ದೆ.

ಅವಳ ಹೊಟ್ಟೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಬೆಳೆಯಿತು. ನಾನೂ ಪಕ್ಕದ ಮನೆಯ ಪುಟ್ಟಸಿದ್ದನೂ ಅವಳನ್ನು ಪಶು ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಪುಟ್ಟಸಿದ್ದ ನಮ್ಮ ಬೀದಿಗೆ ಬಂದು ಮೂರೇ ವರ್ಷ, ಆದರೆ ಸುಳ್ಳು ಹೇಳದ ಮನುಷ್ಯ ಎಂದು ಊರಿಗೆಲ್ಲ ಗೊತ್ತು.

"ವಯಸ್ಸೆಷ್ಟು?" ಎಂದರು ಡಾಕ್ಟರಮ್ಮ.

ಬೆಂಚಿನ ತುಂಬ ಜನ ಕೂತಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ. "ಹದಿನೆಂಟು ಕಣ್ ತಾಯಿ! ಈ ಜಿಲ್ಲೇಲೇ ಇಂಥ ನಾಯಿ ಇಲ್ಲ."

ಕಲ್ಲು ಕಚ್ಚಿ ಸವೆದಿದ್ದ ಬೆಳ್ಳಿಯ ಹಲ್ಲು ನೋಡಿ ಅವರು ತಲೆಯಾಡಿಸಿದರು. "ಹತ್ತು ಹನ್ನೊಂದಾಗಿದ್ರೆ ಇವತ್ತೇ ಕೊಯ್ದು ತೆಗೀತಿದ್ದೆ, ಬದುಕ್ಕೋತಿತ್ತು. ಈ ವಯಸ್ಸಲ್ಲಿ ಮತ್ತು ಬರೋ ಇಂಜೆಕ್ಷನ್ ಕೊಟ್ರೆ ಏಳೋದೇ ಇಲ್ಲ. ಮನೆಗೆ ಕರ್ಕೊಂಡ್ಹೋಗಿ."

ನಾನು ಕೈಮುಗಿದೆ. "ಅಯ್ಯೋ, ಜಂಬಕ್ಕೆ ಅಂದೆ ತಾಯಿ! ಹತ್ತೇ ವರ್ಷ!"

"ಕೊಯ್ಸೋ ಆಸೆಗೆ ಎಲ್ರೂ ಹಿಂಗೇ ವಯಸ್ಸು ಇಳಿಸ್ತಾರೆ ಯಜಮಾನ್ರೇ."

ನಾನು ಪುಟ್ಟಸಿದ್ದನ ಕೈ ಹಿಡಿದುಕೊಂಡೆ. "ನೀನಾದ್ರೂ ನಿಜ ಹೇಳಪ್ಪ. ನಿನ್ ಮಾತು ನಂಬ್ತಾರೆ."

ಅವನು ಬೆಳ್ಳಿಯ ತಲೆ ಮುಟ್ಟಿ ಆಣೆಯಿಟ್ಟ. "ಹದಿನೆಂಟೇ ಡಾಕ್ಟರಮ್ಮ. ಅಣ್ಣನ ಬಾಯಲ್ಲೇ ನೂರು ಸಲ ಕೇಳಿದೀನಿ."