ಅರೆ ಉಸಿರು

"ಅಕ್ಕಾ, ಇವತ್ತು ನೀವು ಕೂತ್ಕೊಳ್ಳಿ. ಹಿಂದಿ ಕಲ್ತಾಯ್ತು, ನಾನೇ ಮಾತಾಡ್ತೀನಿ."

ನಾಯಕಿ ಡಬ್ಬಿಂಗ್ ಕೋಣೆಯ ದಪ್ಪ ಬಾಗಿಲು ತಳ್ಳಿಕೊಂಡು ಬಂದು ಹೀಗೆ ಅಂದಾಗ, ಸ್ಟುಡಿಯೋದವರೆಲ್ಲ ಅಕ್ಕ ಅನ್ನುತ್ತಿದ್ದ ಆಕೆ ಆಗಲೇ ಮೈಕಿನ ಮುಂದೆ ನಿಂತು, ಬಿಸಿನೀರು ಗುಟುಕರಿಸಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಹಿಂದಿಯ ಗಂಧವೇ ಇಲ್ಲದೆ ಈ ಹುಡುಗಿ ಹಿಂದಿ ಸಿನಿಮಾಕ್ಕೆ ಕಾಲಿಟ್ಟ ದಿನದಿಂದ ಅವಳ ಮುಖಕ್ಕೆ ಅಕ್ಕನದೇ ದನಿ. ಮುಖ ಊರೂರಿನ ಗೋಡೆಯ ಮೇಲಿತ್ತು. ದನಿಯ ಒಡತಿಯನ್ನು ಬೀದಿಯಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದಕ್ಕೆ ಅಕ್ಕ ಬೇಜಾರು ಪಟ್ಟವಳೂ ಅಲ್ಲ. ಆದರೆ ಮನೆಯ ಒಲೆ ಉರಿಯುತ್ತಿದ್ದದ್ದು ಈ ಹುಡುಗಿಯ ಸಿನಿಮಾಗಳಿಂದಲೇ.

ಗಾಜಿನಾಚೆ ಕೂತಿದ್ದ ನಿರ್ದೇಶಕ ಎದ್ದೇಬಿಟ್ಟ. "ಏನಮ್ಮಾ ಇದು? ಜನ ನಿನ್ನ ಆ ದನಿಗೇ ಬಿದ್ದಿರೋದು!"

"ಬಿದ್ದಿರೋದು ಅಕ್ಕನ ದನಿಗೆ, ಸಾರ್. ಮೊನ್ನೆ ಅಂಗಡೀಲಿ ಬಾಯಿಬಿಟ್ಟೆ. ಅಂಗಡಿಯಮ್ಮ ನನ್ನನ್ನೇ ದಿಟ್ಟಿಸಿ ನೋಡಿ, 'ನೀನು ಥೇಟ್ ಅವಳ ಹಾಗೇ ಇದೀಯಲ್ಲೇ, ದನಿ ಒಂದು ಬಿಟ್ಟು' ಅಂದ್ಲು."

ಅಕ್ಕ ನಕ್ಕುಬಿಟ್ಟಳು. ನಿರ್ದೇಶಕ ನಗಲಿಲ್ಲ. ಕೊನೆಗೆ, "ಒಂದೇ ಒಂದು ದೃಶ್ಯ. ಹಿಡಿಸಿದ್ರೆ ಇಡೀ ಸಿನಿಮಾ ನೀನೇ ಮಾತಾಡು. ಹಿಡಿಸ್ಲಿಲ್ಲ ಅಂದ್ರೆ ಇನ್ಮೇಲೆ ಈ ಮಾತು ಎತ್ತಬಾರದು" ಅಂದ.

"ಇದಕ್ಕೆ ಕಂಠದಾನ ಅಂತ ಹೆಸರಿಟ್ಟಿದಾರೆ. ದಾನ ಕೊಟ್ಟಿದ್ದನ್ನ ವಾಪಸ್ ತಂದುಕೊಡೋರನ್ನ ಇವತ್ತೇ ಕಣೇ ನೋಡಿದ್ದು" ಅನ್ನುತ್ತ ಅಕ್ಕ ಮೈಕು ಬಿಟ್ಟು ಮೂಲೆಯ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಪರದೆಯ ಮೇಲೆ ದೃಶ್ಯ ಓಡಿತು. ಗಂಡ ಹೆಂಡತಿಯ ಪೆಟ್ಟಿಗೆಯನ್ನು ತಂದು ಹೊಸ್ತಿಲಲ್ಲಿಟ್ಟು, ಹೊರಡು ಅನ್ನುತ್ತಾನೆ. ಹೆಂಡತಿ, "ಈ ಮನೆ ನಂದೂ ಹೌದು. ನಾನು ಹೋಗಲ್ಲ" ಅನ್ನಬೇಕು. ನಾಯಕಿ ಅಂದಳು. ಬೆಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಮೆತ್ತಗೆ, 'ನಾನು' ಆದಮೇಲೆ ಅರೆ ಉಸಿರು ತಡೆದು, ಆಮೇಲೆ 'ಹೋಗಲ್ಲ'. ಜನ ಮರುಳಾಗಿದ್ದದ್ದೇ ಆ ಅರೆ ಉಸಿರಿಗೆ. ಕಾಲೇಜು ಹುಡುಗಿಯರು ಕನ್ನಡಿಯ ಮುಂದೆ ನಿಂತು ಅದನ್ನು ಕಲಿಯುತ್ತಿದ್ದರು.

"ಓಕೆ! ಓಕೆ!" ನಿರ್ದೇಶಕ ಗಾಜು ಬಡಿದ. "ಕಣ್ಣು ಮುಚ್ಚಿದ್ರೆ ವ್ಯತ್ಯಾಸಾನೇ ಗೊತ್ತಾಗಲ್ಲ. ಏನಂತೀರಿ ಅಕ್ಕಾವ್ರೇ?"

ನಾಯಕಿ ತಿರುಗಿ ನೋಡಿದಳು, ಮುಖದ ತುಂಬ ಗೆದ್ದ ಕಳೆ. ಚೆನ್ನಾಗಿಲ್ಲ ಅಂದರೆ ಅಕ್ಕನ ಕೆಲಸ ಉಳಿಯುತ್ತಿತ್ತು. ಚೆನ್ನಾಗಿದೆ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು.

"ಚೆನ್ನಾಗಿದೆ. ಆದ್ರೆ ಅದು ನಾನು ಕಣೇ, ನೀನಲ್ಲ."

"ಅಂದ್ರೆ?"

"ನನಗೆ ಉಬ್ಬಸ. ಉದ್ದ ಮಾತು ಒಂದೇ ಉಸಿರಿಗೆ ಬರಲ್ಲ, ನಡುವೆ ನುಂಗ್ತೀನಿ. ಜನ ಅದನ್ನೇ ವಯ್ಯಾರ ಅಂದ್ಕೊಂಡ್ರು, ನಾನೂ ಸುಮ್ಮನಿದ್ದೆ. ಗುಂಡುಕಲ್ಲಿನ ಹಾಗಿದೀಯ, ನಿನಗ್ಯಾಕೆ ನನ್ನ ಕಾಯಿಲೆ?"

ನಾಯಕಿಯ ಮುಖ ಕೆಂಪೇರಿತು. "ನನ್ನ ದನಿ ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ ಅಂತ ಮೊದಲನೇ ಸಿನಿಮಾದವರೇ ಬಾಯಿ ಮುಚ್ಚಿಸಿದ್ರಲ್ಲಾ ಅಕ್ಕಾ."

"ಈಗ ಒಳಗೆ ಬರೋಕೆ ಮುಂಚೆ ಫೋನಲ್ಲಿ ಯಾರಿಗೋ ಗದರಿದೆಯಲ್ಲ, ಅದು ಈ ಬಾಗಿಲು ದಾಟಿ ಬಂತು. ಈ ಬಾಗಿಲು ದಾಟಿ ಗುಡುಗೂ ಬರಲ್ಲ. ಆ ದನೀಲಿ ಹೇಳು."

"ಹಿಂದೀಲಿ ಮತ್ತೆ 'ಜಾವೂಂಗೀ' ಅನ್ನೋ ಕಡೆ ಗಂಡಸಿನ ಹಾಗೆ 'ಜಾವೂಂಗಾ' ಅಂದ್ಬಿಟ್ರೆ?"

"ತಪ್ಪಿದ್ರೆ ನಾನು ತಿದ್ತೀನಿ. ದನಿ ಮಾತ್ರ ಮುಟ್ಟಲ್ಲ."

ನಾಯಕಿ ಹತ್ತಿರ ಬಂದು ಪಿಸುಗುಟ್ಟಿದಳು. "ಮತ್ತೆ ನಿಮ್ಮ ಗತಿ?"

"ಈ ಸಿನಿಮಾದಲ್ಲಿ ನಿನಗೊಬ್ಬಳು ಅತ್ತೆ ಇದಾಳಲ್ಲ, ಅವಳ ದನಿ ನಾನು," ಅಕ್ಕ ಗಾಜಿನಾಚೆಗೂ ಕೇಳುವ ಹಾಗೆ ಅಂದಳು. "ಇಷ್ಟು ವರ್ಷ ನಿನ್ನ ಪರವಾಗಿ ಅತ್ತಿದೀನಿ, ಇನ್ನು ಮನಸಾರೆ ಬೈತೀನಿ. ತಿರುಗು ಆ ಕಡೆ."

ಆ ಪಾತ್ರವನ್ನು ಅವಳಿಗೆ ಇನ್ನೂ ಯಾರೂ ಕೊಟ್ಟಿರಲಿಲ್ಲ. ನಿರ್ದೇಶಕ ಹುಬ್ಬೇರಿಸಿದ, ಇಲ್ಲ ಅನ್ನಲಿಲ್ಲ.

ದೃಶ್ಯ ಮತ್ತೆ ಓಡಿತು. "ಈ ಮನೆ ನಂದೂ ಹೌದು. ನಾನು ಹೋಗಲ್ಲ." ನಡುವೆ ಉಸಿರು ನಿಲ್ಲಲಿಲ್ಲ. ಒರಟು ದನಿ, ಹೊಟ್ಟೆಯಾಳದಿಂದ ನೇರ ಎದ್ದು ಬಂತು. ಪರದೆಯ ಮೇಲಿನ ಗಂಡ ಒಂದು ಹೆಜ್ಜೆ ಹಿಂದೆ ಸರಿದ. ಮೊದಲ ಸಲವೂ ಅವನು ಅಲ್ಲೇ ಸರಿದಿದ್ದ. ಯಾಕೆ ಸರಿದ ಅನ್ನುವುದು ಈಗ ಗೊತ್ತಾಯಿತು.

ನಿರ್ದೇಶಕ ಗಾಜಿನ ಹತ್ತಿರ ಬಂದ. "ಬೇರೆ ಯಾರೋ ಮಾತಾಡಿದ ಹಾಗಿದೆ" ಅಂದ. ಆಮೇಲೆ ಕುರ್ಚಿ ಎಳೆದುಕೊಂಡು, "ಇದೇ ಇರಲಿ. ಮುಂದಿನದು ಹಾಕಿ" ಅಂದ.

ಅಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ಇಷ್ಟು ವರ್ಷ ಮೈಕಿನ ಮುಂದೆ ನಿಂತು, ಮಾತಿಗೆ ಮಾತು ಕೂಡಿಸುವ ಭರದಲ್ಲಿ, ಪರದೆಯ ಮೇಲೆ ಅವಳು ಈ ಹುಡುಗಿಯ ತುಟಿಗಳನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಈಗ ಕುರ್ಚಿಗೆ ಒರಗಿ, ಕಾಲು ಚಾಚಿ ಕೂತು, ಮೊದಲ ಸಲ ಕಣ್ಣುಗಳನ್ನು ನೋಡಿದಳು.