ಒಪ್ಪಿಗೆ ಒತ್ತಿದ ಬೆರಳು

"ಒಂದು ನಿದ್ದೆ ಮಾತ್ರೆ ಬರ್ದುಬಿಡಿ ಡಾಕ್ಟ್ರೇ, ಸಾಕು," ಎಂದ ಕಂಪ್ಯೂಟರಿನೊಳಗಿನ ಗಂಡಸು. "ನನಗಲ್ಲ, ನನ್ನ ಹೆಂಡ್ತಿಗೆ. ಹಗಲು ರಾತ್ರಿ ಒಂದೇ ಸಮ ಕಿರುಚಾಡ್ತಾಳೆ." ಅವನ ಹಿಂದೆ, ಮಂಚದ ತುದಿಯಲ್ಲಿ ಹೆಂಗಸೊಬ್ಬಳು ಕೈಕಟ್ಟಿ ಕೂತಿದ್ದಳು. ಅವನ ಹೆಗಲು ಅಡ್ಡ ಬಂದು ಮುಖ ಕಾಣುತ್ತಿರಲಿಲ್ಲ.

"ಫೋನು ಅವರ ಕೈಗೆ ಕೊಡಿ. ನೀವು ಸ್ವಲ್ಪ ಆಚೆ ಹೋಗಿ," ಎಂದರು ಡಾಕ್ಟರಮ್ಮ.

"ನಾನು ಅವಳ ಗಂಡ ಕಣ್ರೀ!"

"ಆಗಿರಿ, ಬೇಡ ಅಂದವರಾರು? ಮಾತ್ರೆ ನುಂಗೋರು ಬಾಯಿಬಿಟ್ಟು ಹೇಳ್ಬೇಕು. ಅದು ಕಾನೂನು."

ಪಕ್ಕದ ಕುರ್ಚಿ ಚಕ್ರದ ಮೇಲೆ ಉರುಳಿಕೊಂಡು ಬಂತು. ಅದರಲ್ಲಿ ಬೇಗಣ್ಣ. ಫೋನಿನಲ್ಲೇ ರೋಗಿಗಳನ್ನು ನೋಡುವ ಆ ಕಂಪನಿಯ ಮೇಲ್ವಿಚಾರಕ. ಬಾಯಿ ತೆರೆದರೆ 'ಬೇಗ ಬೇಗ' ಎನ್ನುವುದರಿಂದ ಡಾಕ್ಟರುಗಳೇ ಸೇರಿ ಇಟ್ಟ ಹೆಸರು. ಅವನು ಮೊದಲು ಮೈಕು ಆಫ್ ಮಾಡಿ, ಆಮೇಲೆ ಮಾತಾಡಿದ. "ಮೇಡಂ, ಆ್ಯಪಲ್ಲಿ ರೋಗಿಯ ಒಪ್ಪಿಗೆ ಇದೆಯಾ ಅಂತ ಕೇಳಿದ ಕಡೆ 'ಹೌದು' ಒತ್ತಿದ್ದಾರಲ್ಲ. ಕಾನೂನು ಅಲ್ಲಿಗೆ ಮುಗೀತು."

"ಒತ್ತಿದ ಬೆರಳು ಯಾರದು?"

"ಯಾರದ್ದಾದ್ರೇನು? ನಿದ್ದೆ ಮಾತ್ರೆ ಫೋನಲ್ಲಿ ಬರೆಯೋ ಹಾಗಿಲ್ಲ, ನನಗೂ ಗೊತ್ತು. ಅಲರ್ಜಿ ಮಾತ್ರೆ ಬರೀರಿ, ಅದೂ ಮಲಗಿಸುತ್ತೆ."

ಕಾನೂನು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರುವವನು! ಡಾಕ್ಟರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆಸ್ಪತ್ರೆಯಲ್ಲಿದ್ದಾಗ ಇಂಥ ಗಂಡಂದಿರನ್ನು ಹೊರಗೆ ನಿಲ್ಲಿಸಿ, ತಾವೇ ಚಿಲಕ ಹಾಕಿ ಬರುತ್ತಿದ್ದರು. ಇಲ್ಲಿ ಚಿಲಕ ಆ ಮನೆಯಲ್ಲಿತ್ತು. ಅವರು ಮೈಕು ಆನ್ ಮಾಡಿದರು. "ಅವರೊಬ್ಬರೇ ಇರುವಾಗ ಅವರ ಜೊತೆ ಮಾತಾಡದೆ ನಾನು ಏನೂ ಬರೆಯಲ್ಲ."

"ತಗೋ, ನಿದ್ದೆ ಬರಲ್ಲ ಅಂತ ಹೇಳು," ಎಂದು ಗಂಡ ಫೋನನ್ನು ಮಂಚದ ಮೇಲೆ ಎಸೆದ. ಅವಳು ಎತ್ತಿಕೊಂಡು ನೆಟ್ಟಗೆ ಬಚ್ಚಲುಮನೆಗೆ ನಡೆದು ಬಾಗಿಲು ಹಾಕಿಕೊಂಡಳು.

"ನನಗೆ ಚೆನ್ನಾಗೇ ನಿದ್ದೆ ಬರುತ್ತೆ ಡಾಕ್ಟ್ರೇ. ಇಷ್ಟು ವರ್ಷ ತುಟಿ ಪಿಟಕ್ಕೆನ್ನದೆ ಇದ್ದೆ. ಈಗ ಒಂದಕ್ಕೆರಡು ಎದುರುತ್ತರ ಕೊಡ್ತೀನಿ, ಅದೇ ನನ್ನ ಕಾಯಿಲೆ. ಹೋದ ತಿಂಗಳೂ ನಿಮ್ಮ ಕಂಪನಿಯವರು ಮಾತ್ರೆ ಬರ್ಕೊಟ್ಟಿದ್ರು. ಅದನ್ನ ಇವ್ರು ನನಗೆ ಹೇಳದೆ ಹಾಲಲ್ಲಿ ಕಲಸಿ ಕುಡಿಸಿದ್ರು. ಮಗಳು ಸ್ಕೂಲಿಂದ ಬಂದು ಎಷ್ಟು ಅಲ್ಲಾಡಿಸಿದ್ರೂ ನನಗೆ ಎಚ್ಚರ ಆಗ್ಲಿಲ್ಲ. ಅಮ್ಮ ಸತ್ತೋದ್ಲು ಅಂತ ಬೀದಿಗೆ ಓಡಿದ್ಲಂತೆ."

ಪಕ್ಕದಲ್ಲಿ ಇನ್ನೊಂದು ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ಬೇಗಣ್ಣನ ಮುಖ ಹುಳ್ಳಗಾಯಿತು. ಆದರೂ ಪಟ್ಟು ಬಿಡಲಿಲ್ಲ. "ಕಟ್ ಮಾಡಿ ಮೇಡಂ. ಗಂಡ ಹೆಂಡಿರ ಜಗಳದಲ್ಲಿ ನಮಗೇನು ಕೆಲಸ? ಈಗ ಕಟ್ ಮಾಡದಿದ್ರೆ ನಾಳೆಯಿಂದ ನಿಮಗೆ ಇಲ್ಲಿ ಕುರ್ಚಿ ಇರಲ್ಲ."

"ಕುರ್ಚಿ ನೀವೇ ಇಟ್ಕೊಳ್ಳಿ." ಡಾಕ್ಟರಮ್ಮ ಎದ್ದು ನಿಂತು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟರು. ಆ ಕಡೆಯ ದನಿ ಈಗ ಕಂಪ್ಯೂಟರಿನಿಂದಲೇ ಸಣ್ಣಗೆ ಬರತೊಡಗಿತು. ಸುತ್ತ ಕೂತಿದ್ದ ಡಾಕ್ಟರುಗಳಿಗೆಲ್ಲ ಕೇಳುವಂತೆ ಸ್ಪೀಕರ್ ಏರಿಸಲು ಹೋದ ಕೈಯನ್ನು ಮಾತ್ರ ತಡೆದುಕೊಂಡರು. ಅದು ಆ ಹೆಂಗಸಿನ ಗುಟ್ಟು, ತಮ್ಮದಲ್ಲ. ಬಗ್ಗಿ ಮೈಕಿನ ಹತ್ತಿರ ಮೆಲ್ಲಗೆ ಕೇಳಿದರು: "ನೋಡಮ್ಮಾ, ನೀವು ಹೇಳಿದ್ದನ್ನ ಪೊಲೀಸರಿಗೆ ಬರೆದು ಕಳಿಸ್ಲಾ? ನೀವು ಹೂಂ ಅಂದ್ರೆ ಮಾತ್ರ."

ಅಷ್ಟರಲ್ಲಿ ಆ ಕಡೆ ಬಾಗಿಲು ದಬದಬ ಬಡಿದ ಸದ್ದಾಯಿತು. "ಎಷ್ಟು ಹೊತ್ತೇ? ತೆಗೀತೀಯೋ ಇಲ್ವೋ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. "ಹೂಂ," ಎಂದಳು. "ಕಳಿಸಿ."

ಆಮೇಲೆ ಚಿತ್ರ ಅಲುಗಿತು. ನಲ್ಲಿ, ಬಕೆಟ್ಟು, ಗೋಡೆ ಸರಿದುಹೋದವು. ಚಿಲಕ ತೆಗೆದ ಸದ್ದಿನ ಹಿಂದೆಯೇ ಡಾಕ್ಟರಮ್ಮನ ಎದುರಿಗೆ ಗಂಡನ ಮುಖ ಇಡಿಯಾಗಿ ಬಂದು ನಿಂತಿತು. ಅವಳು ಫೋನನ್ನು ಅವನ ಮೂಗಿನ ನೇರಕ್ಕೆ ಹಿಡಿದಿದ್ದಳು.

"ಡಾಕ್ಟ್ರು ಇನ್ನೂ ಲೈನಲ್ಲೇ ಇದಾರೆ," ಎಂಬ ಅವಳ ದನಿ ಕೇಳಿಸಿತು. "ಈಗ ಕಿರುಚಿ, ನೋಡೋಣ."